ಮಡಿಲು ತುಂಬಿ ಕಳಿಸಿದ ಕೆಲಸ

ಆಕೆಯ ಬಲಗೈ ಹೆಬ್ಬೆರಳ ತುದಿ ಹುಣಸೆಬೀಜದಷ್ಟು ಗಟ್ಟಿಯಾಗಿತ್ತು. ಕಾರಿನೊಳಗಿನ ವೈರುಗಳ ತುದಿಯನ್ನು ಪ್ಲಾಸ್ಟಿಕ್ ಗೂಡಿಗೆ ಒತ್ತಿ ಒತ್ತಿ ಹಾಗಾಗಿದ್ದು. ಬಿಸಿ ಟೀ ಲೋಟವನ್ನು ಆ ಬೆರಳಿನಲ್ಲೇ ಹಿಡಿದು, "ನಂಗೆ ಸುಡಾಕಿಲ್ಲ ಕಣಮ್ಮಿ" ಎಂದು ನಗುತ್ತಿದ್ದಳು.

ತೊಂಬತ್ತರ ದಶಕ. ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾವು ಕಾರಿನ ವೈರು ಕಟ್ಟುತ್ತಿದ್ದೆವು. ಮಂಚದಷ್ಟು ದೊಡ್ಡ ಹಲಗೆ, ಅದರ ಮೇಲೆ ಗೂಟಗಳು. ಗೂಟದಿಂದ ಗೂಟಕ್ಕೆ ವೈರು ಹಾಸಿ, ಟೇಪು ಸುತ್ತಿ, ಜಡೆ ಮಾಡಿ ಇಳಿಸಬೇಕು. ಆ ಜಡೆ ಹಡಗು ಹತ್ತಿ ಪರದೇಶದ ಕಾರುಗಳ ಹೊಟ್ಟೆ ಸೇರುತ್ತಿತ್ತು. ನಮ್ಮ ಲೈನಿಗೆ ಆಕೆಯೇ ಹಿರಿಯಳು, ಎಲ್ಲರಿಗೂ ಅಕ್ಕ. ಕುಣಿಗಲ್ ಕಡೆಯವಳು. ಗಂಡ ಇನ್ನೊಬ್ಬಳ ಹಿಂದೆ ಹೋದ ಮೇಲೆ ಲಗ್ಗೆರೆಯಲ್ಲಿ ಒಂದು ರೂಮು ಹಿಡಿದು ಒಬ್ಬಳೇ ಇದ್ದಳು.

ನನಗೆ ಕೆಲಸ ಕಲಿಸಿದವಳೂ ಆಕೆಯೇ. "ಮಲ್ಲಿಗೆ ಕಟ್ಟಾಕೆ ಬತ್ತದಾ? ಅಂಗೇ ಸುತ್ತು. ಬಿಗಿ ಮಾಡಿದ್ರೆ ಹೂ ನಲುಗ್ತದೆ, ಸಡ್ಲ ಬುಟ್ರೆ ಉದುರ್ತದೆ." ಬೈಗುಳ ಧಾರಾಳ. ತಪ್ಪಿದರೆ ತಲೆಗೊಂದು ಮೊಟಕು.

ಆಕೆಗಿದ್ದದ್ದು ಒಂದೇ ಆಸೆ, ಪರ್ಮನೆಂಟ್ ಆಗಬೇಕು. ನಾವೆಲ್ಲ ಕಂಟ್ರಾಕ್ಟಿನವರು, ಯಾವ ಬೆಳಿಗ್ಗೆ ಬೇಕಾದರೂ ಗೇಟಿನಿಂದಲೇ ವಾಪಸ್ ಅಟ್ಟಬಹುದಿತ್ತು. ಹಾಗಾಗಿ ಒಂದು ದಿನ ಮ್ಯಾನೇಜರು ಬೇರೊಂದು ದೇಶದ ಹುಡುಗಿಯರನ್ನು ಕರೆತಂದು, "ಇವರಿಗೆ ಕಲಿಸಮ್ಮ. ಲೈನ್ ದೊಡ್ಡದು ಮಾಡ್ತೀವಿ, ನಿಂದೂ ಪರ್ಮನೆಂಟ್ ನೋಡೋಣ" ಎಂದಾಗ ಅಕ್ಕ ಹಿರಿಹಿರಿ ಹಿಗ್ಗಿದಳು. ಭಾಷೆ ಬಾರದ ಆ ಹುಡುಗಿಯರ ಕೈ ಹಿಡಿದು ತಿದ್ದಿದಳು. ತನ್ನ ಡಬ್ಬಿಯ ಮುದ್ದೆ ಮುರಿದು ಕೊಟ್ಟಳು. ನುಂಗುವುದು ಗೊತ್ತಿಲ್ಲದೆ ಅವರು ಅಗಿದೇ ಅಗಿದರು, ನಮಗೆ ನಗು ತಡೆಯಲಾಗಲಿಲ್ಲ.

ಹೊರಡುವ ದಿನ ಹೆಣ್ಣುಮಕ್ಕಳನ್ನು ಬರಿಗೈಲಿ ಕಳಿಸುವುದುಂಟೆ? ಅಕ್ಕ ಅವರನ್ನು ಹಲಗೆಯ ಪಕ್ಕದಲ್ಲೇ ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆ ಕಣ ಹಾಕಿ ಮಡಿಲು ತುಂಬಿದಳು, ತವರಿನಿಂದ ಮಗಳನ್ನು ಕಳಿಸುವ ಹಾಗೆ.

ಅವರು ಹೋದ ಮರುವಾರವೇ ಬಡಗಿಗಳು ಬಂದು ನಮ್ಮ ಹಲಗೆಗಳನ್ನು ಬಿಚ್ಚಿ ಪೆಟ್ಟಿಗೆಗೆ ತುಂಬತೊಡಗಿದರು. ಆ ಹುಡುಗಿಯರ ದೇಶದಲ್ಲಿ ಕೂಲಿ ನಮಗಿಂತಲೂ ಕಡಿಮೆಯಂತೆ. ನಮ್ಮ ಲೈನು ಇಡಿಯಾಗಿ ಅಲ್ಲಿಗೆ ಹೊರಟಿತ್ತು. ನನಗೆ ಮೈಯೆಲ್ಲ ಉರಿಯಿತು. "ಕೈಯಾರೆ ನಮ್ ಕೆಲ್ಸ ಅವರ ಮಡಿಲಿಗೆ ಹಾಕಿ ಕಳಿಸ್ಬಿಟ್ಯಲ್ಲಕ್ಕ! ತಪ್ಪುತಪ್ಪಾಗಿ ಹೇಳ್ಕೊಟ್ಟಿದ್ರೆ ನಿನ್ ಗಂಟೇನ್ ಹೋಗ್ತಿತ್ತು?" ಎಂದು ಚೀರಿದೆ.

ಅಕ್ಕ ಪೆಟ್ಟಿಗೆಗಳನ್ನೇ ನೋಡುತ್ತಿದ್ದಳು. "ನೀ ಸೇರಾಕೆ ಮುಂಚೆ, ನಮಗೆ ಹೇಳ್ಕೊಡಾಕೆ ಒಬ್ಳು ಬಿಳೀ ಹೆಂಗ್ಸು ಬಂದಿದ್ಲು ಕಣಮ್ಮಿ. ಅವಳ್ಗೂ ಇಂಗೇ ಮಡ್ಲು ತುಂಬಿದ್ದೆ. ಗೊಳೋ ಅಂತ ಅತ್ಬುಟ್ಲು. ನಮ್ ಮ್ಯಾಲೆ ಏಟು ಪಿರೂತಿ ಅನ್ಕಂಡಿದ್ದೆ. ಅವಳ ಕೆಲ್ಸ ನಮ್ ಪಾಲಾಯ್ತು ಅಂತ ಅತ್ತಿದ್ದು ಅನ್ನೋದು ಈಗ ಗೊತ್ತಾಯ್ತು."

ಆಮೇಲೆ ಗಾರ್ಮೆಂಟ್ಸ್ ಗೇಟುಗಳಿಗೆ ಅಲೆದಳು. ವಯಸ್ಸಾಯಿತು ಅಂದರು. ಕೊನೆಗೆ ಪೀಣ್ಯದಲ್ಲೇ ಒಂದು ಶೆಡ್ಡಿನ ಕಸ ಗುಡಿಸುತ್ತಿದ್ದಳು. ನನಗೆ ಮಾತ್ರ ಆಕೆ ಕಲಿಸಿದ ಕೈಕೆಲಸದಿಂದ ದೊಡ್ಡನೆಕ್ಕುಂದಿಯಲ್ಲಿ ಇನ್ನೊಂದು ಕೆಲಸ ಸಿಕ್ಕಿತು. ಅದೂ ಕಂಟ್ರಾಕ್ಟೇ.

ದಶಕ ಮುಗಿಯುವ ಹೊತ್ತಿಗೆ ಅಕ್ಕ ಆಸ್ಪತ್ರೆ ಸೇರಿದಳು. ಎದೆಯಲ್ಲಿ ನೀರು ತುಂಬಿತ್ತು. ನಾನು ನೋಡಲು ಹೋಗುವ ಮುನ್ನ ಹಳೆಯ ಮ್ಯಾನೇಜರು ಬಸ್‌ಸ್ಟಾಪಿನಲ್ಲಿ ಸಿಕ್ಕಿದ್ದರು. ಆ ಹುಡುಗಿಯರ ಕಾರ್ಖಾನೆಗೂ ಬೀಗ ಬಿತ್ತು, ಹಲಗೆಗಳು ಇನ್ನೂ ಅಗ್ಗದ ಯಾವುದೋ ದೇಶಕ್ಕೆ ಹೋದವು ಎಂದರು.

ಅಕ್ಕ ನನ್ನನ್ನು ಗುರುತು ಹಿಡಿದು ಕೇಳಿದ್ದು ಅದನ್ನೇ. "ಆ ಹುಡ್ಗೀರು ಚೆನ್ನಾಗವ್ರಾ? ಕೆಲ್ಸ ಐತಾ ಅವ್ರಿಗೆ?"

"ಇದೆ ಕಣಕ್ಕ. ಪರ್ಮನೆಂಟ್ ಆಗಿದಾರಂತೆ."

"ಯಾರ್ಗೋ ಒಬ್ರಿಗಾದ್ರೂ ಆಯ್ತಲ್ಲ, ಬುಡು" ಎಂದು ಕಣ್ಣು ಮುಚ್ಚಿದಳು. ಅದೇ ವಾರ ತೀರಿಕೊಂಡಳು. ನನಗೆ ಅನ್ನದ ದಾರಿ ತೋರಿಸಿದವಳಿಗೆ ನಾನು ತಿರುಗಿ ಕೊಡಲಾದದ್ದು ಆ ಸುಳ್ಳೊಂದೇ.