ನಾನು ಆರಿಸುತ್ತಿದ್ದ ಹಳದಿ ದೀಪ

ಕಾರಿನ ಮೀಟರಿನಲ್ಲಿ ಇಂಜಿನ್ ಆಕಾರದ ಹಳದಿ ದೀಪ ಹತ್ತಿದರೆ ಅದನ್ನು ಆರಿಸುವುದು ನನಗೆ ಬಹಳ ಸುಲಭದ ಕೆಲಸವಾಗಿತ್ತು. ಬ್ಯಾಟರಿಯ ಒಂದು ತಂತಿ ಕಳಚಿ, ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು, ಮತ್ತೆ ಬಿಗಿದರೆ ಸಾಕು. ದೀಪ ಹೋಗುತ್ತಿತ್ತು. ರೋಗವೂ ಹೋಯಿತೆಂದು ಗಿರಾಕಿಗೆ ಹೇಳುತ್ತಿದ್ದೆ. ಕೆಲವು ದಿನ ಓಡಿದ ಮೇಲೆ ಅದು ಮತ್ತೆ ಹತ್ತಿದರೆ, ಇದು ಬೇರೆ ರೋಗ ಎನ್ನುತ್ತಿದ್ದೆ.

ಎಸ್ಸೆಸ್ಸೆಲ್ಸಿ ಮುಗಿಸಿ ಬಸವಕಲ್ಯಾಣದಲ್ಲಿ ಜೀಪು, ಟ್ರ್ಯಾಕ್ಟರುಗಳ ಕೆಲಸ ಕಲಿತವನು ನಾನು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಎಲ್ಲಿ ಕೆಟ್ಟಿದೆಯೆಂದು ಹೇಳುತ್ತಿದ್ದೆ. ಆ ಗಾಡಿಗಳಿಗೆ ಆ ಕಿವಿ ಸಾಕಾಗಿತ್ತು. ಹೊಸ ಗಾಡಿಗಳು ಬಂದವು. ಕಿವಿ ಸಾಲದೆಂದು ಒಪ್ಪಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ನನ್ನ ಅಳಿಯ ನನ್ನ ತಂಗಿಯ ಮಗನೂ ಹೌದು. ಅಂಗಳದಲ್ಲಿ ಆಡಿ ಬೆಳೆದ ಹುಡುಗನಿಗೇ ಮಗಳನ್ನು ಕೊಟ್ಟೆ. ಅವನ ಕಾರಿನಲ್ಲಿ ನಾಲ್ವರು ಶಿಕ್ಷಕಿಯರು ದಿನಾಲೂ ಬಸವಕಲ್ಯಾಣದಿಂದ ಹುಮನಾಬಾದಿನ ಶಾಲೆಗೆ ಹೋಗಿ ಬರುತ್ತಿದ್ದರು. ಅವನಿಗೆ ಖಾತ್ರಿಯ ದುಡಿಮೆ ಎಂದರೆ ಅದೊಂದೇ. ಹೊರಗಿನ ಬಾಡಿಗೆ ಬಂದರೆ ಬಂತು, ಇಲ್ಲವಾದರೆ ಇಲ್ಲ.

ಆ ಕಾರಿನ ಹಳದಿ ದೀಪ ಹತ್ತಿತು. ನಿಂತಲ್ಲಿ ಇಂಜಿನ್ ಸಣ್ಣಗೆ ನಡುಗುತ್ತಿತ್ತು. ಪ್ಲಗ್ ಬದಲಿಸಿದೆ, ತಂತಿ ಕಳಚಿ ದೀಪ ಆರಿಸಿದೆ. ಮತ್ತೆ ಹತ್ತಿತು. ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಬದಲಿಸಿದೆ. ಮತ್ತೂ ಹತ್ತಿತು. ಆಗ ಅವನು ತಲೆ ಕೆರೆಯುತ್ತ ಹೇಳಿದ: "ಮಾಮಾ, ಹುಮನಾಬಾದದಾಗ ಒಬ್ರು ಮಶೀನ್ ಹಚ್ಚಿ ನೋಡ್ತಾರಂತ್ರಿ. ಒಂದ್ಸಲ ತೋರ್ಸೂಣೇನ್ರಿ?"

"ತೋರ್ಸು ಹೋಗು. ಮಾವನ ಗ್ಯಾರೇಜ್ ಬಂದ್ ಆಯ್ತೇನೋ ಅಂತ ಮಂದಿ ಕೇಳಿದ್ರ ಹೌದು ಅನ್ನು."

"ಹಂಗಲ್ರಿ ಮಾಮಾ..."

"ಮತ್ತ ಹ್ಯಾಂಗ?"

ಅವನು ಕಾರಿನ ಕೀಲಿಯನ್ನು ನನ್ನ ಕೈಗೇ ಕೊಟ್ಟ. ಬೇರೆ ಗಿರಾಕಿಯಾಗಿದ್ದರೆ ಗಾಡಿ ತೆಗೆದುಕೊಂಡು ಹೋಗುತ್ತಿದ್ದ. ನಮ್ಮಲ್ಲಿ ಮಾವನ ಕೈ ಬಿಟ್ಟು ಮತ್ತೊಬ್ಬರ ಬಾಗಿಲಿಗೆ ಗಾಡಿ ಒಯ್ಯುವುದೆಂದರೆ ಮಾವನ ಮನೆಯ ಊಟ ಬೇಡವೆಂದಂತೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹಾಗೆ ಮಾತಾಡಿದೆ. ಅದೇ ದಿನ ಸೈಲೆನ್ಸರಿನ ಕೊಳವೆಯ ಮೇಲಿನ ಸೆನ್ಸರನ್ನೂ ಬದಲಿಸಿದೆ. ಅದರ ವೈರನ್ನು ಹಿಡಿದಿಡುವ ಸಣ್ಣ ಕ್ಲಿಪ್ ಮುರಿಯಿತು. ಇರಲಿ ಬಿಡು ಎಂದುಕೊಂಡು ಬೋನೆಟ್ ಮುಚ್ಚಿದೆ.

ಕಾರು ನಿಂತದ್ದು ಹತ್ತನೆಯ ತರಗತಿಯ ಪರೀಕ್ಷೆ ನಡೆದಿದ್ದ ದಿನ, ರಾಜೇಶ್ವರ ದಾಟಿದ ಮೇಲೆ, ಹೆದ್ದಾರಿಯಲ್ಲಿ. ಅಳಿಯ ಫೋನ್ ಮಾಡಿದ. ಮೋಟರ್ ಸೈಕಲ್ ಮೇಲೆ ಓಡಿದೆ. ಶಿಕ್ಷಕಿಯರು ಬಿಸಿಲಿನಲ್ಲಿ ಸೆರಗು ಹೊದ್ದು ನಿಂತಿದ್ದರು. ಎಲ್ಲರಿಗಿಂತ ಹಿರಿಯರಾದವರು ಕೇಳಿದರು: "ಕಾಕಾ, ಪೇಪರ್ ಶುರು ಆಗೂ ಮೊದಲ ನಾ ಪರೀಕ್ಷಾ ಹಾಲ್‌ನ್ಯಾಗ ಇರ್ಬೇಕ್ರಿ. ಆಗ್ತದೋ ಇಲ್ಲೋ, ಅಷ್ಟು ಹೇಳ್ರಿ."

ನನಗೆ ಏನೂ ತೋಚಲಿಲ್ಲ. ಕೈ ತಾನಾಗಿಯೇ ಬ್ಯಾಟರಿಗೆ ಹೋಯಿತು. ತಂತಿ ಕಳಚಿದೆ, ಬಿಗಿದೆ. ಇಂಜಿನ್ ಗರಗರ ತಿರುಗಿತೇ ಹೊರತು ಚಾಲೂ ಆಗಲಿಲ್ಲ. ಅವರು ನನ್ನ ಉತ್ತರಕ್ಕೆ ಕಾಯದೆ ದಾರಿಯಲ್ಲಿ ಬಂದ ಬಸ್ಸಿಗೆ ಕೈ ಮಾಡಿ ಹತ್ತಿದರು. ಆ ಹಿರಿಯ ಶಿಕ್ಷಕಿ ತಡವಾಗಿ ತಲುಪಿ, ಮೇಲಿನವರಿಗೆ ಕಾರಣ ಬರೆದುಕೊಡಬೇಕಾಯಿತಂತೆ.

ಕಾರಿಗೆ ಹಗ್ಗ ಕಟ್ಟಿ ಹುಮನಾಬಾದಿನ ಆ ಮಶೀನಿನ ಅಂಗಡಿಗೆ ಎಳೆಸಿದೆವು. ನನ್ನನ್ನು ಮಾವ, ಗ್ಯಾರೇಜಿನ ಹಳೆಯ ಮಿಸ್ತ್ರಿ ಎಂದು ಅಳಿಯ ಪರಿಚಯಿಸಿದ. ಅಂಗಡಿಯವನು ಮಶೀನು ಜೋಡಿಸಿ, ಪರದೆ ನೋಡಿ, "ಬ್ಯಾಟರಿ ಟರ್ಮಿನಲ್ ತೆಗ್ದಿರೇನು?" ಎಂದ. ಹೌದೆಂದೆ.

"ಗಾಡಿ ತಾನ ಬರ್ಕೊಂಡಿದ್ದೆಲ್ಲಾ ಅಳಿಸಿ ತಂದೀರಿ. ಈಗ ಮಶೀನ್ ಏನ್ ಓದ್ಬೇಕ್ರಿ, ನನ್ನ ಮಾರಿ? ಲೈಟ್ ಹತ್ತಿದ ಕೂಡ್ಲೆ ತಂದಿದ್ರ ಯಾವ ಕಡಿ ನೋಡ್ಬೇಕಂತ ಅದೇ ಹೇಳ್ತಿತ್ತು."

ಕೊನೆಗೆ ಬಗ್ಗಿ ಕಣ್ಣಿನಿಂದಲೇ ಹುಡುಕಿದ. ನಾನು ಹಾಕಿದ ಸೆನ್ಸರಿನ ವೈರು ಜೋತು ಬಿದ್ದು, ಕಾದ ಕೊಳವೆಗೆ ತಾಗಿ ಸುಟ್ಟಿತ್ತು. ಅದರಿಂದಲೇ ಫ್ಯೂಸ್ ಹೋಗಿ ಕಾರು ನಿಂತಿತ್ತು.

"ಯಾವ ಮಿಸ್ತ್ರಿ ಹಾಕ್ಯಾನ್ರಿ ಇದನ್ನ?"

ನಾನು ಬಾಯಿ ತೆರೆಯುವುದರೊಳಗೆ ಅಳಿಯ ಹೇಳಿಬಿಟ್ಟ: "ಮಿಸ್ತ್ರಿ ಅಲ್ರಿ. ನಾನೇ ಹಾಕೀನಿ. ಮೊಬೈಲ್‌ನ್ಯಾಗ ವಿಡಿಯೋ ನೋಡಿ."

ಅಂಗಡಿಯವನು ನಕ್ಕ. "ಮನ್ಯಾಗ ಹಿರೇ ಮಿಸ್ತ್ರಿನ್ನ ಇಟ್ಕೊಂಡು ವಿಡಿಯೋ ನೋಡ್ತೀರಾ? ಮಾವನ್ನ ಕೇಳಿದ್ರ ಏನ್ ಮರ್ಯಾದಿ ಹೋಗ್ತಿತ್ತು?" ಎಂದು ನನಗೆ ಕುರ್ಚಿ ಸರಿಸಿ ಕೊಟ್ಟ. "ಕೂಡ್ರಿ ಕಾಕಾ."

ನಾನು ಕುಳಿತೆ.

ಫ್ಯೂಸ್ ಹಾಕಿ, ವೈರು ಸರಿಮಾಡಿ, ಇಂಜಿನ್ ಚಾಲೂ ಇಟ್ಟು ಮಶೀನಿನಲ್ಲಿ ನೋಡಿದ ಮೇಲೆ ಮೊದಲಿನ ರೋಗವೂ ಸಿಕ್ಕಿತು. ಗಾಳಿ ಎಳೆಯುವ ಹೆಬ್ಬೆರಳುದ್ದದ ರಬ್ಬರ್ ಪೈಪು ಸೀಳಿತ್ತು. ಅಷ್ಟೇ. ನಾನು ಬಿಚ್ಚಿ ಒಗೆದ ಪ್ಲಗ್, ಕಾಯಿಲ್, ಸೆನ್ಸರ್ ಎಲ್ಲಾ ಚೆನ್ನಾಗಿಯೇ ಇದ್ದವು.

ಸಂಜೆ ಶಾಲೆಯ ಮುಂದೆ ಕಾರು ನಿಲ್ಲಿಸಿದೆವು. ನಾನು ಮುಂದಿನ ಸೀಟಿನಲ್ಲಿದ್ದೆ. ಹಿರಿಯ ಶಿಕ್ಷಕಿ ಕಿಟಕಿಗೆ ಬಗ್ಗಿ ಏನಾಗಿತ್ತೆಂದು ಕೇಳಿದರು. ಅಂಗಡಿಯಲ್ಲಿ ಹೇಳಿದ್ದನ್ನೇ ಅಳಿಯ ಅವರಿಗೂ ಹೇಳಿದ. ಮಾತು ಬದಲಿಸುವಂತಿರಲಿಲ್ಲ, ಅಂಗಡಿಯವನು ಆ ಊರಿನವನೇ, ಬೇರೆ ಹೇಳಿದರೆ ಸುಳ್ಳು ಹೊರಬೀಳುತ್ತಿತ್ತು.

"ನಾವು ಕುಂದ್ರೂ ಗಾಡಿ ಮ್ಯಾಲ ಕೆಲಸ ಕಲಿಯಾಕತ್ತೀರೇನಣ್ಣಾ?" ಎಂದರು ಅವರು. ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆ ಹೆಚ್ಚಿತ್ತು. "ನಾಳೆಯಿಂದ ಬರಬ್ಯಾಡ್ರಿ. ನಾವು ಬಸ್ಸಿಗೇ ಬರ್ತೇವಿ."

ಆಗಲೂ ನಾನು ಹೇಳಬಹುದಿತ್ತು. ಕೈ ನನ್ನದು ಎಂಬ ಎರಡು ಮಾತು. ಊರು ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಮನೆಯ ಮುಂದೆ ಅಳಿಯ ನನ್ನ ಕಡೆಯ ಬಾಗಿಲು ತೆರೆದು, "ಹುಷಾರ್ರಿ ಮಾಮಾ, ಕೆಳಗ ಕಲ್ಲು ಅದ" ಎಂದ.

ಈಗ ಅವನು ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಮಠಕ್ಕೆ ಬಂದವರ ಬಾಡಿಗೆಗಾಗಿ ಕಾಯುತ್ತಾನೆ. ಎಷ್ಟೋ ದಿನ ಬರಿಗೈಯಲ್ಲೇ ತಿರುಗಿ ಬರುತ್ತಾನೆ. ಸಹಿಸಲಾಗದೆ ನಾನೊಬ್ಬನೇ ಬಸ್ಸು ಹತ್ತಿ ಶಾಲೆಗೆ ಹೋದೆ. ಗೇಟಿನ ಬಳಿ ಆ ಶಿಕ್ಷಕಿಗೆ ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿದರು.

"ಅವತ್ತು ನೀವು ಗಾಡ್ಯಾಗೇ ಇದ್ರಲ್ರಿ ಕಾಕಾ," ಎಂದರು. ಆಮೇಲೆ, "ಈಗ ಬ್ಯಾರೆ ಗಾಡಿ ಮಾಡೇವಿ. ಆ ಗಾಡಿಯವ್ರನ್ನ ಹ್ಯಾಂಗ ಬಿಡೂದ್ರಿ?" ಎಂದರು. ಗಂಟೆ ಹೊಡೆಯಿತು, ಒಳಗೆ ಹೋದರು.

ಸಂಜೆ ಅಳಿಯನಿಗೆ ತಿಳಿಸಿದೆ. ನನ್ನ ಎದೆಯ ಭಾರ ಇಳಿದೀತೆಂದುಕೊಂಡಿದ್ದೆ. ಅವನು ಕಾರು ಒರೆಸುತ್ತಿದ್ದವನು ಕೈ ನಿಲ್ಲಿಸಿದ.

"ಯಾಕ ಹೋದ್ರಿ ಮಾಮಾ? ನಾ ಕೆಲಸ ಬರ್ದಾಂವ ಅಂತಷ್ಟೇ ತಿಳ್ಕೊಂಡಿದ್ರು. ಈಗ ಸುಳ್ಳ ಹೇಳಾಂವ ಅಂತೂ ಆಯ್ತು."

ಅವನು ಬಟ್ಟೆ ಹಿಂಡಿ ಮತ್ತೆ ಗಾಜು ಒರೆಸತೊಡಗಿದ. ನಾನೂ ಒಂದು ಬಟ್ಟೆ ತೆಗೆದುಕೊಂಡೆ. "ಬ್ಯಾಡ್ರಿ ಮಾಮಾ, ನೀವು ಕೂಡ್ರಿ" ಎಂದ.