ಹಂಡೆ ಒಲೆಯ ಮೇಲಿಟ್ಟಿದ್ದ ಲ್ಯಾಪ್‌ಟಾಪ್

ಕೊಪ್ಪದಲ್ಲಿ ನನ್ನದೊಂದು ಚಪ್ಪಲಿ ಅಂಗಡಿ. ಸಿಟ್ಟಿನ ಮನುಷ್ಯ ಎಂದು ಬಸ್‌ಸ್ಟ್ಯಾಂಡಿನವರೆಗೂ ನನಗೆ ಹೆಸರಿದೆ. ಮನೆಯಲ್ಲಿ ಮಾತ್ರ ನನ್ನ ಆಟ ನಡೆಯುತ್ತಿರಲಿಲ್ಲ. ಅಲ್ಲಿ ಮಾತೆಲ್ಲ ಹೆಂಡತಿಯದು. ಹಿರೇಕೊಡಿಗೆ ಕಡೆಯ ಶಾಲೆಯೊಂದರಲ್ಲಿ ಒಂದನೇ ಕ್ಲಾಸಿನ ಟೀಚರಾಗಿದ್ದವಳು. ಗಂಟಲಲ್ಲಿ ಗಂಟು ಎಂದು ಆಪರೇಷನ್ ಆಗಿ, ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ಸ್ವರ ಹೋಯಿತು. ಈಗ ಏನು ಹೇಳುವುದಿದ್ದರೂ ತುಟಿ ಆಡಿಸುತ್ತಾಳೆ, ಕೈಸನ್ನೆ ಮಾಡುತ್ತಾಳೆ. ನನಗೆ ತಿಳಿಯದಿದ್ದರೆ ಸ್ಲೇಟಿನಲ್ಲಿ ಬರೆದು ತೋರಿಸುತ್ತಾಳೆ.

ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ಸುಮ್ಮನೆ ಅವಳ ಸ್ವರ ನೆನಪು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ಅವಳು ಬೈದ ಮಾತುಗಳೆಲ್ಲ ನೆನಪಿವೆ, ಸ್ವರ ಇಲ್ಲ. ಹಟ ಹಿಡಿದು ಕೂತರೆ ಕಿವಿಯಲ್ಲಿ ನನ್ನ ಅಕ್ಕನ ಸ್ವರ ಬಂತು. ಅವತ್ತು ಬಂದ ಗಿರಾಕಿಗೆ ಎರಡೂ ಎಡಗಾಲಿನ ಚಪ್ಪಲಿ ಕಟ್ಟಿಕೊಟ್ಟೆನಂತೆ. ಅವನು ವಾಪಸು ಬಂದು ಹೇಳಿದ ಮೇಲೆ ಗೊತ್ತಾಯಿತು.

ಆಗ ಲ್ಯಾಪ್‌ಟಾಪಿನ ನೆನಪಾಯಿತು. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ಅವಳು ಪಾಠಗಳನ್ನು ಅದರಲ್ಲಿ ರೆಕಾರ್ಡ್ ಮಾಡಿ, ಫೋನಿಗೆ ಹಾಕಿಕೊಂಡು ಮಕ್ಕಳ ಮನೆಗಳಿಗೆ ಕಳಿಸುತ್ತಿದ್ದಳು. ಆ ಫೋನು ಕೆಟ್ಟು ಯಾವತ್ತೋ ಗುಜರಿಗೆ ಹೋಗಿದೆ. ಮಕ್ಕಳ ಮನೆಯವರೂ ಅದನ್ನೆಲ್ಲ ಎಂದೋ ಅಳಿಸಿರುತ್ತಾರೆ. ಇನ್ನು ಅವಳ ಸ್ವರ ಎಂಬುದು ಈ ಭೂಮಿ ಮೇಲೆ ಉಳಿದಿದ್ದರೆ ಆ ಲ್ಯಾಪ್‌ಟಾಪಿನಲ್ಲಿ ಮಾತ್ರ.

ಅದು ಎಲ್ಲಿತ್ತು ಗೊತ್ತೆ? ಬಚ್ಚಲಿನಲ್ಲಿ, ಹಂಡೆ ಒಲೆಯ ಮೇಲಿನ ಹಲಗೆಯಲ್ಲಿ. ನಮ್ಮ ಕಡೆಯವರಿಗೆ ಇದು ವಿಚಿತ್ರವಲ್ಲ. ಮಳೆಗಾಲದಲ್ಲಿ ಬೂಷ್ಟು ಹಿಡಿಯಬಾರದೆಂದು ಹಪ್ಪಳ, ಬೆಂಕಿಪೆಟ್ಟಿಗೆ, ರೇಷ್ಮೆ ಸೀರೆ, ಎಲ್ಲವೂ ಬೆಚ್ಚಗಿರುವ ಜಾಗಕ್ಕೇ ಹೋಗುವುದು. ಆಪರೇಷನ್ನಿಗೆ ಹೋಗುವ ಮುಂಚೆ ಅವಳೇ ಲ್ಯಾಪ್‌ಟಾಪನ್ನು ಚಾರ್ಜರ್ ಸಮೇತ ಹಳೆಯ ಪಂಚೆಯಲ್ಲಿ ಸುತ್ತಿ ಅಲ್ಲಿಟ್ಟಿದ್ದಳು. ಆಮೇಲೆ ಆಸ್ಪತ್ರೆಯ ಗಡಿಬಿಡಿಯಲ್ಲಿ ಇಬ್ಬರೂ ಮರೆತೆವು. ಬಿಚ್ಚಿ ನೋಡಿದರೆ ಪಂಚೆ ಕಂದು ಬಣ್ಣಕ್ಕೆ ತಿರುಗಿತ್ತು. ಚಾರ್ಜರಿನ ವಯರು ಒಣಗಿದ ಬಳ್ಳಿಯಂತೆ ಸೆಟೆದುಕೊಂಡು ಅಲ್ಲಲ್ಲಿ ಸೀಳಿಹೋಗಿತ್ತು. ಬೈಯೋಣವೆಂದು ಬಾಯಿ ತೆರೆದೆ. ಯಾರಿಗೆ ಬೈಯುವುದು? ಜೋಪಾನ ಮಾಡಿದವಳು ಅವಳು.

ಪ್ಲಗ್ಗಿಗೆ ಹಾಕಿದೆ. ದೀಪ ಬಂತು, ಹೋಯಿತು. ವಯರನ್ನು ಬಗ್ಗಿಸಿ ಹಿಡಿದರೆ ಬರುತ್ತದೆ, ಕೈ ಬಿಟ್ಟರೆ ಹೋಗುತ್ತದೆ. ಹಾಗೇ ಹಿಡಿದು ಕೂತು ಆನ್ ಮಾಡಿದರೆ ಒಳಗಿನ ಫ್ಯಾನು ಗರ್ರ್ ಎಂದು ಅರೆಯತೊಡಗಿತು, ತಳ ಕಾವಲಿಯಷ್ಟು ಬಿಸಿಯಾಯಿತು, ಪಾಸ್‌ವರ್ಡ್ ಹಾಕುವ ಮೊದಲೇ ಸ್ಕ್ರೀನ್ ಕಪ್ಪಾಯಿತು. ಅವಳು ಪಕ್ಕದಲ್ಲೇ ನಿಂತಿದ್ದಳು. ಯಾಕೆ ಬೇಕು ಎಂದು ಕೈಯಲ್ಲಿ ಕೇಳಿದಳು. ಹೇಳಿದೆ. ಸ್ಲೇಟಿನಲ್ಲಿ "ಬೇಡ, ಬಿಡಿ" ಎಂದು ಬರೆದಳು.

ಬಿಡುವ ಜಾತಿಯವನಾಗಿದ್ದರೆ ಸಿಟ್ಟಿನವನೆಂಬ ಹೆಸರು ಯಾಕೆ ಬರುತ್ತಿತ್ತು. ಕೊಪ್ಪದ ಒಂದು ರಿಪೇರಿ ಅಂಗಡಿಗೆ ಹೋದೆ. ಅಲ್ಲಿಯವನು ಬೇರೆ ಚಾರ್ಜರ್ ಹಾಕಿ ನೋಡಿದ. ಚಾರ್ಜ್ ಏರಿತು, ಬಿಸಿ ಇಳಿಯಲಿಲ್ಲ. "ಒಂದ್ಸಲ ಫಾರ್ಮ್ಯಾಟ್ ಹೊಡೆದ್ರೆ ಎಲ್ಲ ಸರಿಯಾಗ್ತದೆ," ಎಂದ.

"ಒಳಗಿದ್ದದ್ದು?"

"ಅದೆಲ್ಲ ಹೋಗ್ತದೆ. ಎಂತ, ಇಂಪಾರ್ಟೆಂಟ್ ಏನಾದ್ರೂ ಉಂಟಾ?"

ನಾನು ಲ್ಯಾಪ್‌ಟಾಪನ್ನು ಅವನ ಕೈಯಿಂದ ಎಳೆದುಕೊಂಡು, ಚಾರ್ಜರಿನ ದುಡ್ಡು ಕೊಟ್ಟು ಹೊರಗೆ ಬಂದೆ.

ಮರುದಿನ ಅಂಗಡಿಗೆ ಬೀಗ ಹಾಕಿ ಶೃಂಗೇರಿಯ ಬಸ್ಸು ಹತ್ತಿದೆವು. ಅಲ್ಲೊಬ್ಬ ಚೆನ್ನಾಗಿ ಮಾಡುತ್ತಾನೆ ಎಂದು ಯಾರೋ ಹೇಳಿದ್ದರು. ಪಾಸ್‌ವರ್ಡ್ ಅವಳಿಗೆ ಮಾತ್ರ ಗೊತ್ತಿತ್ತು. ಬರೆದುಕೊಡು ಎಂದರೆ ಕೊಡಲಿಲ್ಲ. ತಾನೇ ಬರುತ್ತೇನೆಂದು ಹೊರಟಳು. ಬಸ್ಸಿನ ತಿರುವುಗಳಲ್ಲಿ ಲ್ಯಾಪ್‌ಟಾಪ್ ಎಲ್ಲಿ ಜಾರುತ್ತದೋ ಎಂದು ಎರಡೂ ಕೈಯಿಂದ ಅಪ್ಪಿಕೊಂಡಿದ್ದೆ. ಅರ್ಧ ದಾರಿಯಲ್ಲಿ ಅವಳು ಚೀಲದಿಂದ ಸ್ಲೇಟು ತೆಗೆದು ಬರೆದಳು: "ಅದನ್ನು ಕೇಳಿದ ಮೇಲೆ ಈಗಿನ ನಾನು ನಿಮಗೆ ಹಿಡಿಸದೆ ಹೋದರೆ?"

ಹುಚ್ಚಿ, ಎಂದೆ. ಅವಳು ಸೆರಗಿನಿಂದ ಸ್ಲೇಟು ಒರೆಸಿ ಕಿಟಕಿಯ ಕಡೆ ತಿರುಗಿದಳು.

ಶೃಂಗೇರಿಯ ರಿಪೇರಿಯವನು ತಳದ ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದವನೇ ನಕ್ಕುಬಿಟ್ಟ. "ಇದನ್ನ ಬಚ್ಚಲಲ್ಲಿ ಇಟ್ಟಿದ್ರಾ ಸಾರ್? ನಮ್ಮನೇಲೂ ರೇಡಿಯೋ ಅಲ್ಲೇ ಇರ್ತಿತ್ತು." ಫ್ಯಾನಿನ ರೆಕ್ಕೆಗಳಿಗೆ ಹೊಗೆಯ ಜಿಡ್ಡು ಕೂತು, ಅದರ ಮೇಲೆ ಮಸಿ ಅಂಟಿ ಗಾಳಿ ಹೋಗುವ ದಾರಿಯೇ ಕಟ್ಟಿಹೋಗಿತ್ತು. ಬ್ರಷ್ಷಿನಿಂದ ಕೆರೆದು ತೆಗೆದ. ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಹಾಕಿ ನೋಡಿದ. ಅದು ಬೀಗ ಹಾಕಿಕೊಂಡು ಯಾವುದೋ ಉದ್ದದ ಕೋಡ್ ಕೇಳಿತು. ಆ ಕೋಡ್ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

"ಹಾಗಾದ್ರೆ ಇದರಲ್ಲೇ ಓಪನ್ ಮಾಡ್ಬೇಕು. ಫ್ಯಾನ್ ಅರ್ಧ ಸತ್ತಿದೆ, ಬೋರ್ಡೂ ನಂಬೋ ಹಾಗಿಲ್ಲ. ಬಿಸಿ ಏರಿ ಆಫ್ ಆಗೋದ್ರೊಳಗೆ ಎಷ್ಟು ಕಾಪಿ ಆದ್ರೆ ಅಷ್ಟು," ಎಂದು ಡಿಸ್ಕನ್ನು ವಾಪಸು ಕೂರಿಸಿ, ಮೇಜಿನ ಫ್ಯಾನನ್ನು ಲ್ಯಾಪ್‌ಟಾಪಿನ ಹೊಟ್ಟೆಗೆ ತಿರುಗಿಸಿದ.

ಅವಳು ಪಾಸ್‌ವರ್ಡ್ ಒತ್ತಿದಳು. ಪಾಠಗಳ ಫೋಲ್ಡರ್ ಕಾಣಿಸಿತು. ರಿಪೇರಿಯವನು ಪೆನ್‌ಡ್ರೈವ್ ಚುಚ್ಚಿ ಕಾಪಿಗೆ ಹಾಕಿದ. ಹಸಿರು ಪಟ್ಟಿ ತೆವಳತೊಡಗಿತು. ನಾನು ತಳಕ್ಕೆ ಕೈಯಿಟ್ಟು ನೋಡುವುದು, ಪಟ್ಟಿ ನೋಡುವುದು, ಮತ್ತೆ ಕೈಯಿಡುವುದು. "ಮುಟ್ಟಬೇಡಿ ಸಾರ್, ನೀವು ಮುಟ್ಟಿದ್ರೆ ತಣ್ಣಗಾಗಲ್ಲ," ಎಂದು ಅವನು ಗದರಿದ. ಬೇರೆ ದಿನವಾಗಿದ್ದರೆ ಜಗಳ ಆಗುತ್ತಿತ್ತು. ಅವತ್ತು ಕೈ ಕಟ್ಟಿಕೊಂಡು ನಿಂತೆ. ಫ್ಯಾನಿನ ಸದ್ದು ಏರಿತು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು, ಸ್ಕ್ರೀನ್ ಕಪ್ಪಾಯಿತು. ಆಮೇಲೆ ಎಷ್ಟು ಒತ್ತಿದರೂ ಅದು ಏಳಲಿಲ್ಲ.

ಅವನು ಪೆನ್‌ಡ್ರೈವನ್ನು ತನ್ನ ಕಂಪ್ಯೂಟರಿಗೆ ಹಾಕಿದ. ಇದ್ದದ್ದರಲ್ಲಿ ಮುಕ್ಕಾಲು ಪಾಲು ಹೋಗಿತ್ತು. ಬಂದದ್ದು ಕೆಲವೇ ಫೈಲು. "ಓಡ್ತದಾ ನೋಡುವ," ಎಂದು ಒಂದನ್ನು ಒತ್ತಿದ.

"ಮಕ್ಕಳೇ, ಎಲ್ರೂ ಸರಿಯಾಗಿ ಕೂತ್ಕೊಂಡ್ರಾ? ಬಾಯಲ್ಲಿ ಇರೋದನ್ನ ನುಂಗಿ ಮೊದಲು. ಇವತ್ತು ನಾವು ಹಕ್ಕಿಗಳ ಹೆಸರು ಹೇಳುವ."

ಅವಳದೇ. ಸ್ವಲ್ಪ ಒಡಕು, ಸ್ವಲ್ಪ ಅವಸರ, ಸಾಲಿನ ಕೊನೆಗೆ ಮೇಲಕ್ಕೆ ಎಳೆಯುವ ರಾಗ. ಇಷ್ಟು ವರ್ಷ ಜೊತೆಗಿದ್ದವನು ಇದನ್ನು ಹೇಗೆ ಕಳೆದುಕೊಂಡೆನೋ ಗೊತ್ತಿಲ್ಲ. ಕಣ್ಣು ಮುಚ್ಚಿಕೊಂಡೆ. ಗುಬ್ಬಿ, ಗಿಳಿ, ಮರಕುಟಿಗ ಎನ್ನುತ್ತಾ ಅವಳು ಮುಂದೆ ಹೋದಳು. ನಾನು ಆ ಅಂಗಡಿಯನ್ನೂ ರಿಪೇರಿಯವನನ್ನೂ ಮರೆತು ಅವಳ ಹಿಂದೆಯೇ ಹೋದೆ. ಇದು ಮುಗಿಯದಿದ್ದರೆ ಸಾಕು ಅನ್ನಿಸಿತು.

ಯಾರೋ ನನ್ನ ಅಂಗಿಯ ತೋಳನ್ನು ಎಳೆಯುತ್ತಿದ್ದರು. ಆಗಿನಿಂದಲೂ ಎಳೆಯುತ್ತಿದ್ದರೆಂದು ಕಾಣುತ್ತದೆ. ಕಣ್ಣು ಬಿಟ್ಟೆ. ಅವಳು ನನ್ನ ಮುಖವನ್ನೇ ನೋಡುತ್ತಾ ಬೇಗಬೇಗ ತುಟಿ ಆಡಿಸುತ್ತಿದ್ದಳು. ಸ್ಲೇಟು ಚೀಲದಲ್ಲೇ ಇತ್ತು. ಸ್ಪೀಕರಿನಲ್ಲಿ ಮಕ್ಕಳಿಗೆ ಕೋಗಿಲೆಯ ಪಾಠ ನಡೆದಿತ್ತು. ಆ ಸದ್ದಿನಲ್ಲಿ ನನಗೆ ಇವಳ ತುಟಿಯ ಒಂದು ಮಾತೂ ಹಿಡಿಯಲಿಲ್ಲ.

"ಅದನ್ನ ನಿಲ್ಲಿಸು ಮಾರಾಯ," ಎಂದೆ ರಿಪೇರಿಯವನಿಗೆ. "ಇವಳು ಎಂತದೋ ಹೇಳ್ತಿದ್ದಾಳೆ."