ಚಿಲಕದ ಕೆಳಗಿನ ಗೆರೆ

ವೃಷಭೇಂದ್ರಪ್ಪ ಮೇಷ್ಟ್ರು ನಿಂತು ಚಿತ್ರ ಬರೆದದ್ದನ್ನು ನಾನಂತೂ ನೋಡಿಲ್ಲ. ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಬಲಗಾಲು ಸೋತಿತ್ತು. ಮೂರು ಚಕ್ರದ ಸ್ಕೂಟರಿನಲ್ಲಿ ಒಂದು ಮಣೆ ಹಾಕಿಕೊಂಡು ಸಾತನೂರು, ಮಾಗಡಿ ಅಂತ ಸುತ್ತುವರು. ಚೆಂದದ ಹೆಂಚಿನ ಮನೆ ಕಂಡರೆ ಬೀದಿಯಲ್ಲೇ ಮಣೆ ಹಾಕಿ ಕೂತುಬಿಡುವರು. ಹಾಳೆಯ ಮೂಲೆಯಲ್ಲಿ ತಮ್ಮ ಹೆಸರಲ್ಲ, ಆ ಮನೆಯ ಯಜಮಾನರ ಹೆಸರು ಬರೆಯುವರು. "ಮನೆ ಅವರ್ದಲ್ವೇನವ್ವ?" ಎನ್ನುವರು. ಎಂಥಾ ಪೆದ್ದು ಮನುಷ್ಯ!

ರಾಮನಗರದ ಅವರ ಮನೆ ಜಗಲಿಯಲ್ಲಿ ನಾನೂ ರುದ್ರಪ್ರಸಾದನೂ ಕಲಿತೆವು. ಮೊದಲ ದಿನದ ಪಾಠ ಯಾವಾಗಲೂ ಒಂದೇ. ಹಲಗೆಗೆ ಹಾಳೆ ಅಂಟಿಸಿ, ನಮ್ಮ ಕಣ್ಣಿನ ಮಟ್ಟಕ್ಕೆ ಅಡ್ಡಗೆರೆ ಎಳೆದು, ಅದರ ಮೇಲೊಂದು ಮೊಳೆ ಹೊಡೆಯಬೇಕು. ಮೊಳೆಗೆ ರೇಷ್ಮೆ ದಾರ ಕಟ್ಟಿ ಚಿತ್ರದ ಮನೆಗಳ ಸೂರಿಗೆ, ಹೊಸ್ತಿಲಿಗೆ, ಜಗಲಿಯ ಅಂಚಿಗೆ ಎಳೆದರೆ ಬೀದಿಯುದ್ದದ ಗೆರೆಗಳೆಲ್ಲ ಆ ಮೊಳೆಗೇ ಹೋಗಿ ಸೇರುತ್ತವೆ. "ನಿಂತು ಬರುದ್ರೆ ಗೆರೆ ಬಾಗ್ಲ ಚಿಲಕಕ್ಕಿಂತ ಮ್ಯಾಲೆ, ಕೂತು ಬರುದ್ರೆ ಕೆಳಗೆ. ಗೆರೆ ನೋಡುದ್ರೆ ಸಾಕು, ಬರ್ದೋನು ಹೆಂಗಿದ್ದ ಅಂತ ಗೊತ್ತಾಯ್ತದೆ," ಎನ್ನುವರು.

ಆರಡಿ ಆಳು ರುದ್ರಪ್ರಸಾದ ಅವರ ಮುದ್ದಿನ ಶಿಷ್ಯ. ಹೋದ ವರ್ಷ ಬಂದು, "ಸಾರ್, ನಿಮ್ಮೆಸ್ರಲ್ಲೇ ಪುಸ್ತಕ ಮಾಡುಸ್ತೀನಿ. ಹೊಸಬ್ರಿಗೆ ಬಾಳ ಅನುಕೂಲ ಆಯ್ತದೆ," ಎಂದ. ಮೇಷ್ಟ್ರು ಮುಖ ಅರಳಿಸಿಕೊಂಡು ಮೂವತ್ತು ವರ್ಷದ ಹಾಳೆಗಳನ್ನೆಲ್ಲ ಕಟ್ಟಿಕೊಟ್ಟರು. ಹೆಂಡತಿ ದ್ರಾಕ್ಷಾಯಿಣಿ, "ಜೆರಾಕ್ಸ್ ಆದ್ರೂ ಇಟ್ಕಳಿ," ಅಂದದ್ದಕ್ಕೆ ರೇಗಿಬಿಟ್ಟರು. "ಅವ್ನು ನನ್ ಮಗ ಇದ್ದಂಗೆ ಕಣೇ!"

ಆಮೇಲೆ ಅವನು ಫೋನೆತ್ತಲಿಲ್ಲ. ಈ ಯುಗಾದಿ ಕಳೆದ ಮೇಲೆ ಪುಸ್ತಕ ಬಂತು. ರಟ್ಟಿನ ಮೇಲೆ ಅವನ ಹೆಸರು, ಒಳಗೆಲ್ಲ ಮೇಷ್ಟ್ರು ಬರೆದ ಮನೆಗಳು. ಮೇಷ್ಟ್ರು ಮೊದಲ ಪುಟದಿಂದ ಕೊನೆಯವರೆಗೆ ತಮ್ಮ ಹೆಸರು ಹುಡುಕಿದರು. ಮತ್ತೆ ಮೊದಲಿಂದ ಹುಡುಕಿದರು. ಮುನ್ನುಡಿಯಲ್ಲಿ ಆ ಪುಣ್ಯಾತ್ಮ 'ಬೀದಿಬೀದಿಯಲ್ಲಿ ಬಿಸಿಲಿಗೆ ನಿಂತು ಬರೆದೆ' ಎಂದು ಹೇಳಿಕೊಂಡಿದ್ದ. ನನಗೆ ಮೈ ಉರಿದುಹೋಯಿತು.

ಮೇಷ್ಟ್ರನ್ನು ಕರೆದುಕೊಂಡು ಚನ್ನಪಟ್ಟಣದ ಅವನ ಮನೆಗೇ ಹೋದೆ. ಮೇಷ್ಟ್ರು ಬಯ್ಯಲಿಲ್ಲ. ಪುಸ್ತಕ ತೆರೆದು ಒಂದು ಬಾಗಿಲಿನ ಮೇಲೆ ಬೆರಳಿಟ್ಟರು.

"ನಿಂತ್ಕಂಡು ಬರ್ದೆ ಅಂತೀಯಲ್ಲಪ್ಪ. ಒಂದೊಂದು ಮನೇಲೂ ಕಣ್ಣಿನ ಗೆರೆ ಚಿಲಕಕ್ಕಿಂತ ಕೆಳಗೈತೆ. ಯಾಕ್ಲಾ?"

ಅವನು ನಕ್ಕ. "ಅದನ್ಯಾರು ನೋಡ್ತಾರೆ ಬುಡಿ ಸಾರ್. ನಿಮ್ಮೆಸ್ರು ಹಾಕುದ್ರೆ ಯಾರು ತಗತಾರೆ?"

ಅಯ್ಯೋ, ಆ ಮಾತು! ವಾಪಸ್ಸು ಬಂದು ಮನೆ ಮುಂದೆ ಇಳಿದಾಗ ಮೇಷ್ಟ್ರು, "ಕಳ್ಳ ಆಗಿದ್ರೆ ಬಾಗ್ಲು ಮುರೀತಿದ್ದ ಕಣೇ ಮೇಘನಾ. ನಾನೇ ಕಟ್ಟಿ ಕೊಟ್ಬುಟ್ನಲ್ಲ," ಎಂದು ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ.

ಈಗ ಭಾನುವಾರಗಳಲ್ಲಿ ನಾನೂ ಅವರ ಜೊತೆ ಪಾಠ ಹೇಳುತ್ತೇನೆ. ಮೊನ್ನೆ ಹೊಸದಾಗಿ ಸೇರಿದ ಕವನ ಎಂಬ ಹುಡುಗಿ ಎದುರುಮನೆಯನ್ನು ನಿಂತುಕೊಂಡು ಬರೆಯುತ್ತಿದ್ದಳು. ಗೆರೆಯನ್ನು ಮಾತ್ರ ಚಿಲಕದ ಕೆಳಗೆ ಎಳೆದಿದ್ದಳು. ತಪ್ಪು ಎಂದೆ. ಅವಳು ಚೀಲದಿಂದ ಅದೇ ಪುಸ್ತಕ ತೆಗೆದಳು.

"ಇಲ್ಲ ಮಿಸ್, ಇದ್ರಲ್ಲಿ ಹಿಂಗೇ ಐತೆ ನೋಡಿ. ಇವ್ರೂ ನಿಂತ್ಕಂಡೇ ಬರ್ದಿರೋದಂತೆ."

ಮೇಷ್ಟ್ರು ಮಣೆಯ ಮೇಲಿಂದಲೇ ಕೈಚಾಚಿ ಪುಸ್ತಕ ತೆಗೆದುಕೊಂಡು ಮುಚ್ಚಿದರು.

"ಅದು ನನ್ ಕಣ್ಣು ಕಣವ್ವ," ಎಂದರು. "ನೀನು ನಿನ್ ಕಣ್ಣಲ್ಲಿ ನೋಡಿ ಬರಿ."